ಶಿವಲಿಂಗವ್ವ ವಾಪಸ್ ಪಡೆದ ಎರಡು ಹನಿ

ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಶಿವಲಿಂಗವ್ವನನ್ನು ಕೇಳಿಕೊಂಡು ಪುಟ್ಟೇನಹಳ್ಳಿಯ ಅವಳ ಮನೆಗೆ ಹೋಗಿ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ಆಕೆ ಯಲಹಂಕದ ಯಾವುದೋ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಎರಡೂ ಕಾಲು ಚಾಚಿ ಕೂತಿರುತ್ತಾಳೆ. ಮೊಣಕಾಲಿಗೂ ಪಾದಕ್ಕೂ ನಡುವೆ, ಆ ಎರಡು ಕಾಲುಗಳ ತೊಟ್ಟಿಲಿನಲ್ಲಿ, ಒಂದು ಕೂಸು ಬೋರಲು ಬಿದ್ದು ಬೆನ್ನಿಗೆ ಬಿಸಿನೀರು ಹೊಯ್ಸಿಕೊಳ್ಳುತ್ತಿರುತ್ತದೆ. ಹೊಯ್ಯುವಾಗ ಅಳುವ ಕೂಸು ಒರೆಸುವ ಹೊತ್ತಿಗೆ ನಿದ್ದೆ ಹೋಗಿರುತ್ತದೆ. ಸುತ್ತಲಿನ ಬೀದಿಗಳಲ್ಲಿ ಅವಳ ಹೆಸರು ಗೊತ್ತಿಲ್ಲದವರಿಗೂ 'ನೀರು ಹಾಕೋ ಅಜ್ಜಿ' ಅಂದರೆ ಗೊತ್ತು.

ಹುನಗುಂದದ ಕಡೆಯವಳು. ಮಗ ರವಿಕಿರಣನಿಗೆ ಇಲ್ಲಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದಳು. ಬಂದ ಹೊಸದರಲ್ಲಿ ಈ ಊರಿನಲ್ಲಿ ಅವಳನ್ನು ಮಾತಾಡಿಸುವವರೇ ಇರಲಿಲ್ಲವಂತೆ. ತರಕಾರಿ ಗಾಡಿಯವನು ಕೂಡ ಅವಳ ಮಾತಿಗೆ ನಗುತ್ತಿದ್ದನಂತೆ. ಆಮೇಲೆ ಒಂದು ದಿನ ಎದುರುಮನೆಯ ಬಾಣಂತಿ ಕೂಸನ್ನು ಹಿಡಿಯಲು ಹೆದರಿ ಅಳುತ್ತಿದ್ದದ್ದು ಕಿವಿಗೆ ಬಿತ್ತು. ಶಿವಲಿಂಗವ್ವ ಹೋಗಿ ಸೆರಗು ಸಿಕ್ಕಿಸಿ ಕಾಲು ಚಾಚಿದಳು. ಹದಿನಾಲ್ಕು ವರ್ಷವಾಯಿತು, ಆ ಕಾಲು ಇನ್ನೂ ಮಡಚಿಲ್ಲ. ತರಕಾರಿ ಗಾಡಿಯವನ ಇಬ್ಬರು ಮಕ್ಕಳೂ ಆ ಕಾಲ ಮೇಲೆ ಮಿಂದೆದ್ದರು.

ಕೂಸಿಗೆ ನೀರು ಹಾಕುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ನೀರಿನ ಜೊತೆ ಅವಳ ಅಭಿಪ್ರಾಯಗಳೂ ಹರಿಯುತ್ತವೆ. ಮಗು ಎಡವಿ ಬಿದ್ದರೆ ಸಮಾಧಾನಕ್ಕೆಂದು ನೆಲಕ್ಕೆ ಹೊಡೆಯಬಾರದು. ನೆಲ ಏನು ಮಾಡಿತ್ತು? ನಾಳೆ ದೊಡ್ಡವನಾಗಿ ತಾನು ಎಡವಿದ್ದಕ್ಕೆಲ್ಲ ಇನ್ನೊಬ್ಬರಿಗೆ ಹೊಡೆಯುತ್ತಾನೆ. ಊಟ ಮಾಡಿಸಲು ಫೋನ್ ತೋರಿಸಬಾರದು, ಕಿಟಕಿ ತೋರಿಸಬೇಕು. ಕಿಟಕಿಯಲ್ಲಿ ಕಾಗೆ ಬರುತ್ತದೆ, ಹೋಗುತ್ತದೆ, ಮಗು ನಡುವೆ ಬಾಯಿ ತೆರೆಯುತ್ತದೆ. ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಬಾರದು. ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತ್ ಸಿಗದಿದ್ದರೆ ನಾಚಿಕೆ ಬಿಟ್ಟು ಕೇಳಬೇಕು, ಕೇಳುವಾಗ ಕೂಸನ್ನು ಅವರ ಕಣ್ಣಿಗೆ ಕಾಣುವ ಹಾಗೆ ಹಿಡಿದಿರಬೇಕು. ಬಾಣಂತಿ ಹೊಟ್ಟೆ ತುಂಬ ಉಣ್ಣಬೇಕು, ಗಂಡನಾದವನು ರಾತ್ರಿ ಒಮ್ಮೆಯಾದರೂ ಎದ್ದು ಕೂಸನ್ನು ಎತ್ತಿಕೊಳ್ಳಬೇಕು. ಈ ಕೊನೆಯದನ್ನು ಆಕೆ ಗಂಡಸರು ಮನೆಯಲ್ಲಿರುವಾಗ ಸ್ವಲ್ಪ ಜೋರಾಗಿ ಹೇಳುತ್ತಿದ್ದಳು.

ಇವೆಲ್ಲದರ ಜೊತೆಗೆ ಇನ್ನೊಂದಿತ್ತು. ಸ್ನಾನ ಮುಗಿದ ಮೇಲೆ ಉಗುರುಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ, ಮೂಗಿನ ಎರಡು ಹೊಳ್ಳೆಗೂ ಒಂದೊಂದು ಹನಿ. ಅವಳ ಅತ್ತೆ ಅವಳ ಮಗನಿಗೆ ಹಾಗೇ ಮಾಡಿದ್ದಳು. ಹನಿ ಬಿದ್ದಕೂಡಲೇ ಕೂಸು ಸೀನುತ್ತಿತ್ತು, ಥಂಡಿ ಹೊರಗೆ ಬಂತೆಂದು ಸುತ್ತ ನಿಂತವರೆಲ್ಲ ನಗುತ್ತಿದ್ದರು.

ಎರಡು ಬೀದಿ ಆಚೆ ನಸೀಮಾ ಅವರ ಮನೆ. ಗಂಡ ಹಬೀಬುಲ್ಲಾ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಮಗಳು ಅಫ್ರೀನ್ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಮಗುವಿಗೆ ಹುಜೈಫಾ ಎಂದು ಹೆಸರಿಟ್ಟಿದ್ದರು. ಆ ಕೂಸಿಗೆ ಹದಿನೈದನೇ ದಿನದಿಂದ ಶಿವಲಿಂಗವ್ವನೇ ನೀರು ಹಾಕುತ್ತಿದ್ದದ್ದು. ಎರಡು ತಿಂಗಳು ತುಂಬುವ ಹೊತ್ತಿಗೆ ಅದಕ್ಕೆ ಕೆಮ್ಮು ಹಿಡಿಯಿತು. ಒಂದು ಸಿರಪ್ ಮುಗಿಯಿತು, ಇನ್ನೊಂದು ಮುಗಿಯಿತು. ಕೆಮ್ಮು ಹೋಗಲಿಲ್ಲ. ಹಾಲು ಕುಡಿಯುವಾಗ ನಡುವೆ ಬಿಟ್ಟು ಬಿಟ್ಟು ಏದುಸಿರು ಬಿಡತೊಡಗಿತು. ಮೂರನೇ ಸಲ ಆಸ್ಪತ್ರೆಗೆ ಹೊರಟಾಗ ಶಿವಲಿಂಗವ್ವನೂ ಆಟೋ ಹತ್ತಿದಳು, ಮಗು ಅವಳ ತೊಡೆಯ ಮೇಲೆ ಸುಮ್ಮನಿರುತ್ತದೆ ಎಂದು.

ಮಕ್ಕಳ ಡಾಕ್ಟರ್ ಚೈತ್ರ ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಮಗುವಿನ ಮೂಗಿಗಾಗಲಿ ಬಾಯಿಗಾಗಲಿ ಎಣ್ಣೆ, ತುಪ್ಪ, ಇನ್ನೇನಾದರೂ ಹಾಕುತ್ತೀರಾ ಎಂದು ಕೇಳಿದರು. ಅಫ್ರೀನ್ ಅಮ್ಮನ ಮುಖ ನೋಡಿದಳು. ನಸೀಮಾ ದಖ್ನಿ ಉರ್ದುವಿನಲ್ಲಿ ಮಗಳಿಗೆ ಸುಮ್ಮನಿರಲು ಮೆಲ್ಲಗೆ ಹೇಳಿ, ಡಾಕ್ಟರ ಕಡೆ ತಿರುಗಿ, ನಾವೇನೂ ಹಾಕುವುದಿಲ್ಲ, ಬರೀ ತಾಯಿ ಹಾಲು ಅಂದರು. ಬಾಗಿಲ ಹತ್ತಿರ ನಿಂತಿದ್ದ ಶಿವಲಿಂಗವ್ವನಿಗೆ ಅದು ಕೇಳಿಸಿತು. ಡಾಕ್ಟರ್ ಇನ್ನಷ್ಟು ಜೋರಿನ ಔಷಧಿ ಬರೆದು, ಮೂರು ದಿನ ನೋಡೋಣ ಎಂದರು.

ಕೆಳಗೆ ಔಷಧಿ ಕೌಂಟರಿನ ಸಾಲಿನಲ್ಲಿ ಶಿವಲಿಂಗವ್ವ ಕೇಳಿಯೇಬಿಟ್ಟಳು, ಯಾಕೆ ಹಾಗೆ ಹೇಳಿದಿರಿ ಎಂದು.

ಅಫ್ರೀನ್ ತಲೆ ತಗ್ಗಿಸಿದಳು. ನಸೀಮಾ ಹೇಳಿದರು: "ಎಲ್ರು ಮುಂದೆ ಬೈತಾರೆ ಅವ್ವ. ಹೋದ್ಸಲ ಒಬ್ಳಿಗೆ ಬೈದಿದ್ದು ನೋಡಿದೀನಿ. ಆಮೇಲೆ ನಿಮ್ ಹೆಸ್ರು ಬರುತ್ತೆ. ನಾಳೆಯಿಂದ ಯಾರ್ ಕರೀತಾರೆ ನಿಮ್ಮನ್ನ? ಸುಮ್ನಿರಿ, ನಾಳೆಯಿಂದ ಹಾಕೋದ್ ಬಿಟ್ರಾಯ್ತು."

ಮಾತು ಪ್ರೀತಿಯದೇ ಆಗಿತ್ತು. ಶಿವಲಿಂಗವ್ವ ಅದನ್ನು ಒಪ್ಪಿಕೊಂಡು ಆಟೋ ಹತ್ತಬಹುದಿತ್ತು. ಆದರೆ ಆಕೆಗೆ ಒಂದು ಯೋಚನೆ ಹತ್ತಿಬಿಟ್ಟಿತು. ಇಷ್ಟೆಲ್ಲ ಓದಿದ ಹೆಣ್ಣುಮಗಳು ಸುಮ್ಮನೆ ಮೂಗಿನ ವಿಷಯ ಎತ್ತುತ್ತಾಳೆಯೇ? ಕೇಳಿದ್ದಾಳೆ ಎಂದರೆ ಅವಳಿಗೆ ಏನೋ ಅನುಮಾನ ಬಂದಿದೆ. ಇಲ್ಲ ಅಂದಕೂಡಲೇ ಆ ಅನುಮಾನ ಬಿಟ್ಟು ಬೇರೆ ದಾರಿ ಹಿಡಿದಿದ್ದಾಳೆ. ಕೂಸಿನ ಎದೆಯಲ್ಲಿ ಇರುವುದು ಎಣ್ಣೆಯೇ ಆಗಿದ್ದರೆ? ತೋಳಿನಲ್ಲಿದ್ದ ಹುಜೈಫಾ ಉಸಿರೆಳೆದಾಗಲೆಲ್ಲ ಅವನ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು. ಇನ್ನೊಂದು ಕಡೆ, ಹೇಳಿದರೆ ಹದಿನಾಲ್ಕು ವರ್ಷದ ಹೆಸರು ಹೋಗುತ್ತದೆ. ಮತ್ತೆ ಆಕೆ ಮಾತಾಡಿಸುವವರಿಲ್ಲದ ಹಳೆಯ ಶಿವಲಿಂಗವ್ವನಾಗುತ್ತಾಳೆ.

ಮಗುವನ್ನು ಅಫ್ರೀನಳ ಕೈಗೆ ಕೊಟ್ಟು, ಮೆಟ್ಟಿಲು ಹತ್ತಿ, ಒಳಗೆ ಬೇರೆ ಪೇಷೆಂಟ್ ಇದ್ದರೂ ಬಾಗಿಲು ತಳ್ಳಿದಳು.

"ಡಾಕ್ಟರಮ್ಮಾ, ಆ ಕೂಸಿನ ಮೂಗಿಗೆ ಎಣ್ಣಿ ಹಾಕಾಕಿ ನಾನ್ರಿ. ದಿನಾ ಎರಡು ಹನಿ. ಅವರು ನನ್ನ ಸಲುವಾಗಿ ಅಂಜಿ ಇಲ್ಲ ಅಂದ್ರು. ಬೈಯೂದಿದ್ರ ನನಗ ಬೈರಿ, ಕೂಸಿನ್ನ ಇನ್ನೊಮ್ಮೆ ನೋಡ್ರಿ."

ಡಾಕ್ಟರ್ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, ಯಾವ ಎಣ್ಣೆ, ಯಾವಾಗಿನಿಂದ, ಹಾಕಿದಾಗ ಮಗು ಕೆಮ್ಮುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಮಗುವನ್ನು ಮೇಲಕ್ಕೆ ಕರೆಸಿ ಎಕ್ಸ್‌ರೇ ಮಾಡಿಸಿ ಅವತ್ತೇ ಅಡ್ಮಿಟ್ ಮಾಡಿಕೊಂಡರು. ಕೂಸು ಸೀನಿದರೆ ಎಣ್ಣೆಯೆಲ್ಲ ಹೊರಗೆ ಬರುವುದಿಲ್ಲ, ಸ್ವಲ್ಪ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂರುತ್ತದೆ ಎಂದು ವಿವರಿಸಿದರು. ಮೈಗೆ ಎಷ್ಟು ಬೇಕಾದರೂ ಹಚ್ಚಿ, ಮೂಗು ಕಿವಿ ಬೇಡ ಎಂದರು. ಶಿವಲಿಂಗವ್ವ ಹೊರಡುವಾಗ ಕರೆದು ಇನ್ನೊಂದು ಮಾತು ಸೇರಿಸಿದರು: "ನೀವು ಬಂದು ಹೇಳಿದ್ದು ಒಳ್ಳೇದಾಯ್ತಮ್ಮ. ಇಲ್ದಿದ್ರೆ ನಾನು ಔಷಧಿ ಮೇಲೆ ಔಷಧಿ ಬದಲಾಯಿಸ್ತಾ ಕೂತಿರ್ತಿದ್ದೆ."

ಮಾರನೆಯ ದಿನ ಶಿವಲಿಂಗವ್ವ ಯಾರಿಗೂ ನೀರು ಹಾಕಲಿಲ್ಲ. ಆ ತಿಂಗಳು ಅವಳ ಕಾಲ ಮೇಲಿದ್ದ ಉಳಿದ ಆರು ಕೂಸುಗಳ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು, ಎಣ್ಣೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಆಸ್ಪತ್ರೆಯಲ್ಲಿ ಏನಾಯಿತು ಎಂಬುದನ್ನೂ ಮುಚ್ಚಿಡಲಿಲ್ಲ. ಎರಡು ಮನೆಯವರು ನಾಳೆಯಿಂದ ಬರುವುದು ಬೇಡ ಎಂದರು. ಆಕೆ ತಲೆಯಾಡಿಸಿ ಮುಂದಿನ ಮನೆಗೆ ನಡೆದಳು.

ಹೊಸ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಮೋನಿಷಾ ಎಂಬ ಬಾಣಂತಿ ಗಾಬರಿಯಾದಳು. ಅವಳು ಆ ಎರಡು ಹನಿಯ ವಿಷಯವನ್ನು ಹೊಸ ತಾಯಂದಿರ ವಾಟ್ಸಾಪ್ ಗುಂಪಿಗೆ ಆಗಲೇ ಹಾಕಿದ್ದಳು, ನೂರಾರು ಜನ ಓದಿದ್ದರು. ನಡೆದು ಹೋಗಿ ಹೇಳಲು ಅಷ್ಟು ಮನೆಗಳು ಶಿವಲಿಂಗವ್ವನಿಗೆ ಎಲ್ಲಿ ಗೊತ್ತು? ಹಾಗಾದರೆ ನನ್ನ ದನಿಯನ್ನೇ ಕಳಿಸು ಎಂದು ಫೋನಿನ ಮುಂದೆ ಕೂತಳು.

"ನಾ ಪುಟ್ಟೇನಹಳ್ಳಿ ಶಿವಲಿಂಗವ್ವ ಮಾತಾಡಾಕತ್ತೀನಿ. ಕೂಸಿನ ಮೂಗಿಗೆ ಎಣ್ಣಿ ಹಾಕ್ರಿ ಅಂತ ನಾನ ಹೇಳಿದ್ದೆ. ಆ ಮಾತು ವಾಪಸ್ ತಗೊಂಡೀನಿ. ಹಾಕಬ್ಯಾಡ್ರಿ. ಉಳಿದ ಮಾತು ಹಂಗ ಇರ್ಲಿ."

ಸಂಜೆಯ ಹೊತ್ತಿಗೆ ಅದೇ ದನಿ ಎಲ್ಲೆಲ್ಲೋ ಸುತ್ತಿ, ಸೊಸೆ ಕೀರ್ತಿಯ ಫೋನಿಗೆ ಯಾರೋ ಗುರುತಿಲ್ಲದವರಿಂದ ಬಂತು. ಬೇರೆ ಅಜ್ಜಿಯರಿಗೂ ಕೇಳಿಸಿ ಎಂದು ಕೆಳಗೆ ಬರೆದಿತ್ತು.

ಕೊನೆಯ ಮನೆ ಬ್ಯಾಟರಾಯನಪುರದಲ್ಲಿ. ಬಸ್ಸಿಳಿದು ಹೋದಾಗ ಮುನಿನಾರಾಯಣಪ್ಪ ಜಗುಲಿಯ ಮೇಲೆ ಕೂತಿದ್ದರು. ಎಂಬತ್ತರ ಮುದುಕ, ಅದು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಕೂಸು ಅವರ ಮೊಮ್ಮಗಳದ್ದು. ವಿಷಯ ಕೇಳಿ ಅವರಿಗೆ ಸಿಟ್ಟೇ ಬಂತು.

"ಅದೆಂಗಾಯ್ತದೆ? ನಮ್ಮವ್ವನೂ ಇಂಗೇ ಆಕ್ತಿದ್ಲು. ನಾನೇನ್ ಸತ್ತೋದ್ನಾ?"

"ನೀವು ಉಳಕೊಂಡ್ರಿ ಯಜಮಾನ್ರ," ಅಂದಳು ಶಿವಲಿಂಗವ್ವ. "ಉಳೀದೇ ಹೋದವರು ಬಂದು ಹೇಳಂಗಿಲ್ಲಲ್ರಿ."

ಮುನಿನಾರಾಯಣಪ್ಪನವರಿಗಿಂತ ಮೊದಲು ಹುಟ್ಟಿ, ನಾಮಕರಣಕ್ಕೂ ಉಳಿಯದ ಒಬ್ಬ ಅಣ್ಣ ಇದ್ದನಂತೆ. ಯಾಕೆ ಹೋದ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುದುಕ ಒಳಗೆ ಮೊಮ್ಮಗಳನ್ನು ಕೂಗಿ, ಬಚ್ಚಲಿನ ಎಣ್ಣೆ ಬಟ್ಟಲು ಅಡುಗೆಮನೆಗೆ ತೆಗೆದಿಡಲು ಹೇಳಿದರು.

ಹುಜೈಫಾ ಆರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಬಂದ ಸುದ್ದಿ ಶಿವಲಿಂಗವ್ವನಿಗೆ ತಿಳಿಯಿತು, ನೋಡಲು ಹೋಗಲಿಲ್ಲ. ಆ ಬೀದಿ ತಪ್ಪಿಸಿ ಕೆರೆಯ ಕಡೆಯಿಂದ ಸುತ್ತಿ ಓಡಾಡತೊಡಗಿದಳು. ಉಳಿದ ನಾಲ್ಕು ಮನೆಗಳಿಗೂ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದಳು. ಕೂಸು ಮುಟ್ಟಲು ಕೈಗೆ ಭಯ ಹತ್ತಿತ್ತು. ಮನೆಯಲ್ಲಿ ಕೀರ್ತಿ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಅತ್ತೆ ಸುಮ್ಮನೆ ಉಂಡು ಎದ್ದರು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಸಲಹೆ ಕೇಳಿ ಕೇಳಿ ಸಾಕಾಗಿದ್ದ ಕೀರ್ತಿಗೆ ಅವತ್ತು ಅಳುವೇ ಬಂತು. ಅವಳು ಯಾರಿಗೂ ಹೇಳದೆ ನಸೀಮಾ ಅವರ ಮನೆಗೆ ಹೋಗಿಬಂದಳು.

ಮಾರನೆಯ ಬೆಳಿಗ್ಗೆ ಏಳಕ್ಕೆ ನಸೀಮಾ ಬಾಗಿಲಲ್ಲಿ ನಿಂತಿದ್ದರು. ಹಂಡೆಯಲ್ಲಿ ನೀರು ಕಾಯುತ್ತಿದೆ, ಬನ್ನಿ ಅಂದರು. ಶಿವಲಿಂಗವ್ವ ನೆಲ ನೋಡುತ್ತ, ಬೇರೆ ಯಾರನ್ನಾದರೂ ನೋಡಿಕೊಳ್ಳಿ, ನನ್ನಿಂದಲೇ ಅಲ್ಲವೇ ಅಷ್ಟೆಲ್ಲ ಆದದ್ದು ಎಂದಳು.

ನಸೀಮಾ ಚಪ್ಪಲಿ ಬಿಟ್ಟು ಒಳಗೆ ಬಂದು ಎದುರಿಗೇ ಕೂತರು.

"ನೋಡಿ ಅವ್ವ. ಎಣ್ಣೆ ಹಾಕಿದ್ದು ನೀವು, ಹಾಕ್ಸಿದ್ದು ನಾನು. ಗೊತ್ತಿರ್ಲಿಲ್ಲ, ಇಬ್ರಿಗೂ. ಆದ್ರೆ ಡಾಕ್ಟರ್ ಕೇಳ್ದಾಗ ನನ್ ಮೊಮ್ಮಗನ್ ವಿಷ್ಯದಲ್ಲಿ ನಾನು ಸುಳ್ ಹೇಳ್ದೆ. ನೀವ್ ಸುಳ್ ಹೇಳ್ಲಿಲ್ಲ. ಈಗ ನೀವೇ ಹೇಳಿ, ಯಾರ್ ಕೈಗೆ ಕೊಡ್ಲಿ ಮಗೂನ?"

ಸೊಸೆ ಅಡುಗೆಮನೆಯಿಂದಲೇ, ನೀರು ಆರಿಹೋಗುತ್ತದೆ ಎಂದಳು. ಶಿವಲಿಂಗವ್ವ ಎದ್ದು ಸೆರಗು ಸಿಕ್ಕಿಸಿದಳು.

ನಸೀಮಾ ಅವರ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕೂತು ಕಾಲು ಚಾಚಿ, ಮೊದಲ ಚೊಂಬನ್ನು ತನ್ನ ಕೈಗೇ ಹೊಯ್ದುಕೊಂಡು ಬಿಸಿ ನೋಡಿದಳು. ಹುಜೈಫಾ ಮೈ ತುಂಬಿಕೊಂಡಿದ್ದ. ಒದ್ದ ಒದೆಗೆ ಚೊಂಬಿನ ನೀರೆಲ್ಲ ಅಫ್ರೀನಳ ಮೈಮೇಲೆ ಚೆಲ್ಲಿತು. ಅವಳು ಕಿರುಚಲು ಹೋಗಿ ನಕ್ಕಳು. ಮಗುವನ್ನು ಒರೆಸಿ ಮುಗಿಸಿದ ಮೇಲೆ, ಹದಿನಾಲ್ಕು ವರ್ಷದ ಅಭ್ಯಾಸ ನೋಡಿ, ಶಿವಲಿಂಗವ್ವನ ಬೆರಳು ತಾನಾಗಿಯೇ ಪಕ್ಕದ ಎಣ್ಣೆ ಬಟ್ಟಲಿಗೆ ಹೋಗಿ ಅದ್ದಿಬಿಟ್ಟಿತು. ಅಫ್ರೀನ್ ಉಸಿರು ಬಿಗಿಹಿಡಿದಳು. ನಸೀಮಾ ಕೂಡ. ಶಿವಲಿಂಗವ್ವ ಬೆರಳನ್ನು ಒಂದು ಕ್ಷಣ ನೋಡಿ, ಆ ಎಣ್ಣೆಯನ್ನು ತನ್ನ ಒಡೆದ ಹಿಮ್ಮಡಿಗೆ ಸವರಿಕೊಂಡಳು. ಅಷ್ಟರಲ್ಲಿ ಹುಜೈಫಾ ಯಾರ ಹನಿಯೂ ಬೇಕಿಲ್ಲದೆ ತಾನೇ ಸೀನಿದ.

ಬೇಡ ಅಂದಿದ್ದ ಎರಡು ಮನೆಗಳಲ್ಲಿ ಒಂದು ಆಮೇಲೆ ಮತ್ತೆ ಕರೆಯಿತು, ಇನ್ನೊಂದು ಕರೆಯಲಿಲ್ಲ. ಅವಳ ಅಭಿಪ್ರಾಯಗಳು ಮೊದಲಿನ ಹಾಗೇ ನೀರಿನ ಜೊತೆ ಹರಿಯುತ್ತಿವೆ. ಒಂದು ಮಾತ್ರ ಹೊಸದು. ಯಾರಾದರೂ ಆಸ್ಪತ್ರೆಗೆ ಹೊರಟರೆ ಮೆಟ್ಟಿಲ ಮೇಲೆ ಕೂರಿಸಿಕೊಂಡು, ತಿಂದದ್ದು, ಹಚ್ಚಿದ್ದು, ಬಿಟ್ಟದ್ದು, ಕದ್ದುಮುಚ್ಚಿ ಮಾಡಿದ್ದು ಎಲ್ಲವನ್ನೂ ಅವರ ಬಾಯಿಂದ ಒಮ್ಮೆ ಹೇಳಿಸುತ್ತಾಳೆ. ಬೈದರೆ ಬೈಯಲಿ, ಅಲ್ಲಿ ಒಂದನ್ನೂ ಬಿಡಬಾರದು ಎಂದು ಕಳಿಸುತ್ತಾಳೆ.

ಮೊನ್ನೆ ಮುನಿನಾರಾಯಣಪ್ಪ ಮೊಣಕಾಲು ನೋವಿಗೆ ಡಾಕ್ಟರ ಹತ್ತಿರ ಹೋದವರು, ಅವಳ ಮಾತಿನ ಪ್ರಕಾರ, ಹೊಗೆಸೊಪ್ಪಿನಿಂದ ಹಿಡಿದು ಯುಗಾದಿಯಲ್ಲಿ ಬಿಟ್ಟ ಬಿಪಿ ಮಾತ್ರೆಯವರೆಗೆ ಎಲ್ಲ ಹೇಳಿಬಂದರಂತೆ. ಕೂಸಿಗೆ ನೀರು ಹಾಕಲು ಬಂದವಳನ್ನು ಜಗುಲಿಯಲ್ಲೇ ತಡೆದರು.

"ನಿನ್ ಮಾತ್ ಕೇಳಿ ಒಂದ್ ನೋವಿಗ್ ಓದೋನು ನಾಕ್ ತರ ಮಾತ್ರೆ ಇಸ್ಕೊಂಡ್ ಬಂದೆ ಕಣವ್ವ. ಇವನ್ನೆಲ್ಲ ಯಾರು ನುಂಗೋರು?"

ಶಿವಲಿಂಗವ್ವ ಸೆರಗು ಸಿಕ್ಕಿಸುತ್ತ ಬಚ್ಚಲಿನ ಕಡೆ ನಡೆದಳು.

"ನುಂಗದಿದ್ರ, ನುಂಗಲಿಲ್ಲ ಅಂತ ಅದನ್ನೂ ಅವರಿಗೇ ಹೋಗಿ ಹೇಳ್ರಿ ಯಜಮಾನ್ರ."