ಸ್ಪಿರಿಟ್ ಕೋಣೆಯ ಹಿತ್ತಾಳೆ ನಟ್ಟು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹೇಳುವವರು ಸುಳ್ಳರು, ಕೇಳುವವರು ದಡ್ಡರು ಎಂದುಕೊಂಡಿದ್ದೆ. ಈಗ ಅಂಥದ್ದೇ ಒಂದನ್ನು ನಾನೇ ಹೇಳಬೇಕಾಗಿದೆ, ನಗುವವರು ನಗಲಿ.

ಅರವತ್ತರ ದಶಕದ ಆರಂಭ. ದಾಂಡೇಲಿಯ ಹೊರಗೆ ವಾರ್ನಿಶ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ವಿದ್ಯುತ್ ಕೆಲಸದ ಮೇಲ್ವಿಚಾರಕನಾಗಿದ್ದೆ. ಅಲ್ಲಿ ಸ್ಪಿರಿಟ್ ಕಲಸಲೆಂದು ಹೊಸ ಕೋಣೆ ಕಟ್ಟಿಸಿದ್ದರು. ಸ್ಪಿರಿಟ್ ಆವಿ ತುಂಬಿದ ಗಾಳಿಗೆ ಒಂದು ಕಿಡಿ ತಗುಲಿದರೆ ಕೋಣೆ, ಕೆಲಸಗಾರರು ಎಲ್ಲ ಬೂದಿ. ಅದಕ್ಕೇ ಅಲ್ಲಿ ಉಕ್ಕಿನ ಹೊದಿಕೆಯ ಕೇಬಲ್ ಬೇಕು. ಅದು ಮೋಟಾರಿನ ಪೆಟ್ಟಿಗೆಯೊಳಗೆ ಹೋಗುವಲ್ಲಿ ಬಿಗಿಯಾಗಿ ಹಿಡಿದು, ಒಳಗಿನ ಬೆಂಕಿ ಹೊರಬರದಂತೆ ತಡೆಯುವ ಗ್ಲ್ಯಾಂಡ್ ಬೇಕು. ಅಂಥವನ್ನೇ ಆರಿಸಿ ಮುಂಬಯಿಯಿಂದ ತರಿಸಲು ಹೇಳಿದ್ದೆ.

ನಮ್ಮ ಮ್ಯಾನೇಜರ್ ಮಾಲೀಕರ ಅಳಿಯ. ಬಲ್ಬು ಬದಲಿಸಲೂ ಬಾರದ ಆಸಾಮಿ. ಹಿಟ್ಟಿನ ಗಿರಣಿಗೆ ಹಾಕುವಂಥ ಸಾದಾ ಗ್ಲ್ಯಾಂಡುಗಳನ್ನು ಬೆಳಗಾವಿಯಿಂದ ತಂದು ಮೇಜಿನ ಮೇಲೆ ಸುರಿದ. ಇದೂ ಹಿತ್ತಾಳೆ, ಅದೂ ಹಿತ್ತಾಳೆ, ಎರಡಕ್ಕೂ ತೂತಿದೆ ಎಂಬುದು ಆತನ ವಾದ. ನಾನು ಬಿಡಿಸಿ ಹೇಳಿದೆ, ಆತ ಆಕಳಿಸಿದ. ಫಿಟ್ಟರ್ ಹುಸೇನ್‌ಸಾಬರು ಹಲ್ಲು ಕಚ್ಚಿಕೊಂಡು ಅವನ್ನೇ ಬಿಗಿದರು.

ಮರುದಿನ ನೋಡಿದರೆ ಗ್ಲ್ಯಾಂಡುಗಳ ನಟ್ಟುಗಳೆಲ್ಲ ಬಿಚ್ಚಿ, ಕೇಬಲ್ಲುಗಳು ಜೋತಾಡುತ್ತಿದ್ದವು. ಮತ್ತೆ ಬಿಗಿದೆವು, ಮತ್ತೆ ಬಿಚ್ಚಿದವು. ಕೋಣೆಯ ಬೀಗದ ಕೈ ಇದ್ದದ್ದು ಮ್ಯಾನೇಜರನ ಜೇಬಿನಲ್ಲಿ. ಆದರೂ ಆತ ಹುಸೇನ್‌ಸಾಬರ ಮೇಲೆ ತಪ್ಪು ಹೊರಿಸಿ, ಸಂಜೆಯೊಳಗೆ ಕೆಲಸದಿಂದ ತೆಗೆಯುತ್ತೇನೆಂದ. ಹಳಿಯಾಳದಲ್ಲಿ ಹೆಂಡತಿ ಮಕ್ಕಳಿದ್ದ ಮನುಷ್ಯ.

"ನಾ ಬಿಗದದ್ದು ನಾನ ಯಾಕ ಬಿಚ್ಚಲಿ, ಸಾಹೇಬ್ರ?" ಎಂದು ಹುಸೇನ್‌ಸಾಬರು ಕೇಳಿದರು.

ನನಗೆ ತಡೆಯಲಾಗಲಿಲ್ಲ. "ಹಂಗಾರ ಬರ್ರಿ, ಒಳಗ ಕೂಡೂಣು. ಯಾರು ಬಿಚ್ಚತಾರ ನೀವ ನೋಡ್ರಿ" ಎಂದು ಮ್ಯಾನೇಜರನನ್ನು ಕರೆದೆ.

ಹುಸೇನ್‌ಸಾಬರನ್ನು ಆಫೀಸಿನಲ್ಲಿ ಕೂರಿಸಿ, ನಟ್ಟುಗಳನ್ನು ನಾನೇ ಬಿಗಿದು, ಇಬ್ಬರೂ ಒಳಗಿನಿಂದ ಅಗಳಿ ಹಾಕಿ ಕುಳಿತೆವು. ಮಟಮಟ ಮಧ್ಯಾಹ್ನ. ಕರೆಂಟ್ ಇನ್ನೂ ಕೊಟ್ಟಿರಲಿಲ್ಲ. ಮ್ಯಾನೇಜರ್ ಊಟದ ಹೊತ್ತು ಮೀರಿತೆಂದು ಗೊಣಗುತ್ತಿದ್ದ. ಆಮೇಲೆ ಗೊಣಗಾಟ ನಿಂತಿತು. ನಮ್ಮೆದುರಿನ ನಟ್ಟು ತಿರುಗುತ್ತಿತ್ತು. ಸ್ಪ್ಯಾನರ್ ಹಿಡಿದ ಕೈಯೊಂದು ತಿರುಗಿಸುವ ಹಾಗೆ, ಸ್ವಲ್ಪ ತಿರುಗಿ, ನಿಂತು, ಮತ್ತೆ ತಿರುಗಿ, ಕೊನೆಗೆ ಕಳಚಿ ಕೇಬಲ್ಲಿನ ಮೇಲೆ ಜಾರಿತು. ಆಗ ಪಕ್ಕದ್ದು ಶುರುವಾಯಿತು. ಮ್ಯಾನೇಜರ್ ನನ್ನ ಕೈ ಹಿಡಿದುಕೊಂಡಿದ್ದ.

ಹೊರಗೆ ಬಂದವನೇ ಹುಸೇನ್‌ಸಾಬರಿಗೆ ಕೆಲಸಕ್ಕೆ ಹೋಗಲು ಹೇಳಿದ, ಮುಂಬಯಿಗೆ ತಂತಿ ಕೊಡಿಸಿದ. ನಾನು ಕೇಳಿದ್ದ ಗ್ಲ್ಯಾಂಡುಗಳು ಬಂದವು. ಅವು ಕೂದಲೆಳೆಯಷ್ಟೂ ಸಡಿಲಲಿಲ್ಲ.

ಬಿಸಿಲಿಗೆ ಹಿತ್ತಾಳೆ ಹಿಗ್ಗಿರಬೇಕು ಎಂದು ಓದಿದವರು ಹೇಳುತ್ತಾರೆ. ಹಿಗ್ಗಿದ ಹಿತ್ತಾಳೆ ನಡುನಡುವೆ ದಣಿವಾರಿಸಿಕೊಳ್ಳುತ್ತದೆಯೇ? ಯಾರದೋ ಆತ್ಮ ಎನ್ನುವವರೂ ಇದ್ದಾರೆ. ಅಲ್ಲಿ ಯಾರೂ ಸತ್ತಿರಲಿಲ್ಲ. ಎರಡೂ ಬೊಗಳೆ. ಮೂರನೆಯದು ನನ್ನ ಬಳಿಯೂ ಇಲ್ಲ. ಕಣ್ಣಾರೆ ಕಂಡ ಇನ್ನೊಬ್ಬನೆಂದರೆ ಆ ಮ್ಯಾನೇಜರನೇ. ವರ್ಷಗಳ ನಂತರ ಧಾರವಾಡದ ಮದುವೆಯೊಂದರಲ್ಲಿ ಸಿಕ್ಕಾಗ ಕೇಳಿದೆ. ಎಲೆ ಅಡಿಕೆ ಅಗಿಯುತ್ತ, ಆ ಕೋಣೆಯೊಳಗೆ ತಾನು ಎಂದೂ ಕಾಲೇ ಇಟ್ಟಿಲ್ಲ ಎಂದ.