ಹೊಳೆ ಓಣಿಯ ಪಟ್ಟಿ

ಹರಿಹರದ ಹೊಳೆ ಓಣಿಯ ಮನೆಗಳ ಪಟ್ಟಿಯನ್ನು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಅಕ್ಷರ ದುಂಡಗಿದೆ, ಓದಿದವಳು, ತಪ್ಪು ಮಾಡುವುದಿಲ್ಲ ಎಂದು ಆ ಕೆಲಸವನ್ನು ನನಗೆ ಕೊಟ್ಟಿದ್ದರು. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಅದರಲ್ಲಿ ಇಲ್ಲದ ಒಬ್ಬ ಹೆಂಗಸು ಮತ್ತು ಅವಳ ಹನ್ನೆರಡು ದಿನದ ಕೂಸಿನ ವಿಷಯ ಇದು.

ಮೈಸೂರಿನಲ್ಲಿ ಬಿ.ಎ. ಮುಗಿಸಿ ಹರಿಹರದ ಹೆಣ್ಣುಮಕ್ಕಳ ಶಾಲೆಗೆ ಬಂದು ಆಗ ಎರಡನೆಯ ವರ್ಷ. ಚಿಕ್ಕಮ್ಮನ ಮನೆಯಲ್ಲಿದ್ದೆ. ಶಾಲೆಗೆ ಹೋಗುವುದು, ಮನೆಗೆ ಬರುವುದು, ನಡುವೆ ಯಾರೊಡನೆಯೂ ಹೆಚ್ಚು ಮಾತಿಲ್ಲ. ಹಿಂದಿನ ಮಳೆಗಾಲದಲ್ಲಿ ಹೊಳೆ ಓಣಿಗೆ ನೀರು ನುಗ್ಗಿ ಎರಡು ಮನೆ ಬಿದ್ದಿದ್ದವು. ಹರಿಹರದಲ್ಲಿ ಹೊಳೆ ಬರುವುದಕ್ಕೆ ಹರಿಹರದಲ್ಲಿ ಮಳೆಯಾಗಬೇಕಿಲ್ಲ. ಮೇಲೆ ಮಲೆನಾಡಿನಲ್ಲಿ ಸುರಿದದ್ದು ಎರಡು ದಿನ ಬಿಟ್ಟು ಇಲ್ಲಿಗೆ ಬರುತ್ತದೆ. ಇಲ್ಲಿ ತಲೆಯ ಮೇಲೆ ಬಿಸಿಲು ಕಾಯುತ್ತಿರುತ್ತದೆ, ಕೆಳಗೆ ಹೊಳೆ ಕೆಂಪಗೆ ಏರುತ್ತಿರುತ್ತದೆ. ಹಾಗಾಗಿ ಓಣಿಯ ಹಿರಿಯರು ಕೆಲವರು ಸೇರಿ ಒಂದು ಸಮಿತಿ ಮಾಡಿಕೊಂಡರು. ಕೆಲಸದಿಂದ ನಿವೃತ್ತರಾದ ಹೆಡ್‌ಮಾಸ್ತರರೊಬ್ಬರು ಅದಕ್ಕೆ ಮುಂದಾಳು. ಹೊನ್ನಾಳಿ ಕಡೆಯಿಂದ ಬರುವ ಬಸ್ಸಿನವರು ಅಲ್ಲಿ ನೀರು ಎಷ್ಟಿದೆ ಎಂದು ಸುದ್ದಿ ತರಬೇಕು. ಅಪಾಯವೆಂದರೆ ಓಣಿಯಲ್ಲಿ ತಮಟೆ ಬಾರಿಸಬೇಕು. ತಮಟೆ ಕೇಳಿದವರು ಒಂದೇ ಗಂಟು ಹಿಡಿದುಕೊಂಡು ದಿಬ್ಬದ ಮೇಲಿನ ನಮ್ಮ ಶಾಲೆಗೆ ಬರಬೇಕು. ನಡೆಯಲಾರದವರನ್ನು ಗಟ್ಟಿಮುಟ್ಟಾದ ಇಬ್ಬರು ಮನೆಮನೆಗೆ ಹೋಗಿ ಎತ್ತಿ ತರಬೇಕು. ಯಾರು ಬಂದರು, ಯಾರು ಉಳಿದರು ಎಂದು ನೋಡುವುದಕ್ಕೆ ಒಂದು ಪಟ್ಟಿ ಬೇಕು.

ನಾನು ಒಂದು ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಗೆರೆ ಎಳೆದೆ. ಮನೆಯ ಯಜಮಾನ, ಕುಟುಂಬದ ಸದಸ್ಯರು, ನಡೆಯಲಾರದವರು. ಈ ಮೂರು ಕಲಮುಗಳನ್ನು ಯೋಚಿಸಿದ್ದು ನಾನೇ.

ಶಾಲೆ ಬಿಟ್ಟ ಮೇಲೆ ದಿನಕ್ಕೆ ನಾಲ್ಕಾರು ಮನೆಯಂತೆ ಹೋದೆ. ಹೊಳೆಗೆ ತೀರ ಹತ್ತಿರದ ಮನೆ ಹತ್ತಿ ಹಿಂಜಿ ಗಾದಿ ಹೊಲಿಯುವವರದು. ಅವರ ಕಿರಿಯ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಹಿಂಜುವ ಬಿಲ್ಲನ್ನು ಗೋಡೆಗೆ ಒರಗಿಸಿ, ಗಡ್ಡಕ್ಕೆ ಹತ್ತಿದ ಹತ್ತಿಯನ್ನು ಕೊಡವಿಕೊಂಡು ಅವರು ಎದ್ದು ನಿಂತರು.

“ಬರ್ರಿ ಅಕ್ಕೋರೆ, ಕೂಡ್ರಿ. ಹೊಳೆ ಬಂದ್ರೆ ನಮಗೇನ್ರಿ ಚಿಂತಿ? ಗಾದಿ ಮ್ಯಾಲೆ ಕೂತ್ಕಂಡು ತೇಲ್ತೀವಿ.”

ಹೆಂಡತಿ ಒಲೆಯ ಮುಂದಿನಿಂದಲೇ ಅಂದರು. “ಇವರ ಮಾತು ಕೇಳ್ಬ್ಯಾಡ್ರಿ ಅಕ್ಕೋರೆ. ಮೂವತ್ತು ವರ್ಷ ಹತ್ತಿ ಹಿಂಜ್ಯಾರೆ, ಹತ್ತಿ ನೀರು ಕುಡಿದ್ರೆ ಎಷ್ಟು ಭಾರ ಅಂತ ಇನ್ನಾ ಗೊತ್ತಿಲ್ಲ.”

“ಮನೆಯಲ್ಲಿ ಎಷ್ಟು ಮಂದಿ?” ಎಂದು ಕೇಳಿದೆ.

ಅವರು ಬೆರಳು ಮಡಿಸಿದರು. “ನಾನು, ಇಕಿ, ದೊಡ್ಡ ಹುಡುಗ, ಶಾಲಿಗೆ ಬರೋ ನಿಮ್ ಹುಡುಗಿ, ನಮ್ಮವ್ವ. ಐದು.” ಮೂಲೆಯಲ್ಲಿ ಮಲಗಿದ್ದ ಮುದುಕಿಯ ಕಡೆ ಕೈ ತೋರಿಸಿದರು. “ಅವ್ವಗೆ ಲಕ್ವ ಹೊಡೆದೈತೆ. ನಡೆಯಕ್ಕೂ ಆಗಲ್ಲ, ಮಾತೂ ಹೋಗೈತೆ.”

ನಾನು ಮೂರನೆಯ ಕಲಮಿನಲ್ಲಿ ಅದನ್ನು ಬರೆದುಕೊಂಡೆ. ಅಷ್ಟರಲ್ಲಿ ಒಳಕೋಣೆಯಿಂದ ತುಂಬು ಬಸುರಿಯೊಬ್ಬಳು ನನಗೆ ನೀರು ತಂದಳು. ನನ್ನ ವಯಸ್ಸೇ ಇರಬೇಕು. ಲೋಟ ಕೊಟ್ಟು, ನಾನು ಬರೆಯುವುದನ್ನು ಬಾಗಿ ನೋಡಿ, “ಎಷ್ಟು ಚೆಂದ ಬರೀತೀರಿ” ಎಂದಳು.

“ಇವರು?” ಎಂದೆ.

“ದೊಡ್ಡ ಮಗಳು ರೀ. ಹೆರಿಗೆಗೆ ಬಂದಾಳೆ. ಅಕಿ ದಾವಣಗೆರೆಯಾಕಿ, ಗಂಡ ಮಿಲ್ಲಿನಾಗೆ ಅದಾನೆ. ಅಕಿ ಈ ಮನಿ ಲೆಕ್ಕಕ್ಕೆ ಬರಲ್ಲ.”

ಅವರು ಹೇಳಿದ್ದು ಸರಿ. ಕೊಟ್ಟ ಹೆಣ್ಣು ಕೊಟ್ಟ ಮನೆಯವಳು. ಆ ಓಣಿಯ ಯಾವ ಮನೆಯಲ್ಲಿ ಕೇಳಿದ್ದರೂ, ಯಾವ ಜಾತಿಯವರನ್ನು ಕೇಳಿದ್ದರೂ, ನಮ್ಮ ಚಿಕ್ಕಮ್ಮನನ್ನೇ ಕೇಳಿದ್ದರೂ ಹಾಗೆಯೇ ಎಣಿಸುತ್ತಿದ್ದರು. ನನಗೂ ಅದು ಸರಿಯೆಂದೇ ತೋರಿತು. ಒಬ್ಬರನ್ನು ಎರಡು ಕಡೆ ಎಣಿಸಬಾರದೆಂದು ಕಾಲೇಜಿನಲ್ಲಿ ಓದಿದ್ದೆ. ಐವರ ಹೆಸರು ಕೇಳಿ ಬರೆದು, ಕೆಳಗೆ ‘ಐದು’ ಎಂದು ಹಾಕಿ, ನೀರು ಕುಡಿದು, ಲೋಟವನ್ನು ಅವಳ ಕೈಗೆ ಕೊಟ್ಟು ಎದ್ದೆ.

ಜೂನ್ ಕೊನೆಯಲ್ಲಿ ಒಂದು ಭಾನುವಾರ ಎಲ್ಲರನ್ನೂ ಒಮ್ಮೆ ನಡೆಸಿ ನೋಡಿದೆವು. ತಮಟೆ ಬಡಿದದ್ದೇ ಓಣಿ ನಗುತ್ತ ದಿಬ್ಬ ಹತ್ತಿತು. ಒಬ್ಬಾಕೆ ಗಂಟಿನ ಬದಲು ಎರಡು ಕೋಳಿ ಹಿಡಿದು ಬಂದಿದ್ದಳು. ಹೆಡ್‌ಮಾಸ್ತರರು ಗದರಿದರೆ, “ಮನಿಯಾಗೆ ದುಡಿಯೋವು ಇವೆರಡೇ ರೀ” ಎಂದಳು. ಗಾದಿಯವರ ಮನೆಯಿಂದ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ದಿನ ತುಂಬಿದ್ದ ಮಗಳನ್ನು ಸುಮ್ಮನೆ ದಿಬ್ಬ ಹತ್ತಿಸುವುದು ಬೇಡವೆಂದು ಮನೆಯಲ್ಲೇ ಬಿಟ್ಟಿದ್ದರು. ನಾನು ಐದು ಗುರುತು ಹಾಕಿದೆ. ಎಲ್ಲ ಮನೆಯ ಲೆಕ್ಕವೂ ಕೂಡಿತು. ಹೆಡ್‌ಮಾಸ್ತರರು ನೋಟ್‌ಬುಕ್ಕನ್ನು ತಿರುವಿ ನೋಡಿ, “ಹಿಂಗಿರಬೇಕು ಕೆಲಸ” ಅಂದರು. ಆ ಮಾತಿನಿಂದ ನನಗೆ ಸಂತೋಷವಾಗಿತ್ತು. ಅದನ್ನು ಬರೆಯದೆ ಬಿಡಲಾರೆ.

ಜುಲೈನಲ್ಲಿ ಒಂದು ಬೆಳಗ್ಗೆ ಗಾದಿಯವರ ಕಿರಿಯ ಹುಡುಗಿ ಕ್ಲಾಸಿನಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದಳು. ಅಕ್ಕನಿಗೆ ಗಂಡು ಮಗುವಾಗಿತ್ತು. ನನ್ನ ಅಂಗೈಯಲ್ಲೂ ಒಂದು ಚಿಟಿಕೆ ಹಾಕಿದಳು. ನಾನು ತಿಂದೆ. ನೋಟ್‌ಬುಕ್ಕು ಅದೇ ಮೇಜಿನ ಖಾನೆಯಲ್ಲಿತ್ತು.

ಹೊಳೆ ಬಂದ ದಿನ ಬಿಸಿಲಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಬಸ್ಸಿನವರು ಸುದ್ದಿ ತಂದರು. ಹೊನ್ನಾಳಿಯಲ್ಲಿ ನೀರು ದಂಡೆ ಮೀರಿತ್ತು. ಹೆಡ್‌ಮಾಸ್ತರರು ಆ ಕ್ಷಣವೇ ತಮಟೆಯವರನ್ನು ಓಡಿಸಿದರು. ನಾವು ಅಂದುಕೊಂಡಂತೆಯೇ ಎಲ್ಲವೂ ನಡೆಯಿತು. ಜನ ಬಂದರು, ಒಂದೇ ಗಂಟು ತಂದರು, ಅಂಗಳದಲ್ಲಿ ಸಾಲಾಗಿ ಕೂತರು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೆ ಗುರುತು ಹಾಕಿಕೊಳ್ಳುತ್ತಿದ್ದೆ.

ಗಾದಿಯವರೂ ಮಗನೂ ಬೆಳಗಿನ ರೈಲಿಗೆ ದಾವಣಗೆರೆಗೆ ಗಾದಿ ಒಯ್ದಿದ್ದರೆಂದು ಪಕ್ಕದ ಮನೆಯವರು ಹೇಳಿದರು. ಎರಡು ಗುರುತು. ಕಿರಿಯವಳು ಶಾಲೆಯಲ್ಲೇ ಇದ್ದಳು. ಮೂರು. ಮುದುಕಿಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ನಾಲ್ಕು.

ಹೊತ್ತು ತಂದ ಇಬ್ಬರನ್ನು, “ಮನೆಯಲ್ಲಿ ಇನ್ನು ಯಾರಾದರೂ?” ಎಂದು ಕೇಳಿದೆ.

“ನಡುಮನಿಯಾಗೆ ನಿಂತು ಎರಡು ಸಲ ಕೂಗಿದ್ವಿ ರೀ. ಯಾರೂ ಓ ಅನ್ನಲಿಲ್ಲ. ಒಳಕೋಣಿ ಬಾಗಿಲು ಹಾಕಿತ್ತು. ಹೆಂಗಸ್ರು ಇರೋ ಕೋಣಿ, ನಾವು ಹೆಂಗೆ ನೂಕಿ ಹೋಗದು? ಪಟ್ಟಿಯಾಗೆ ಎಷ್ಟೈತೆ ನೋಡ್ರಿ.”

ನೋಡಿದೆ. “ಮನೆಯಾಕೆ ಒಬ್ಬರೇ ಬರಬೇಕು” ಎಂದೆ.

ಮುದುಕಿ ನೆಟ್ಟಗಿದ್ದ ಒಂದು ಕೈಯಿಂದ ನನ್ನ ಸೀರೆ ಹಿಡಿದುಕೊಂಡರು. ಗಂಟಲಿನಿಂದ ಒಂದೇ ಸಮನೆ ಸದ್ದು ಮಾಡುತ್ತಿದ್ದರು. ಹೊಳೆಯ ಕಡೆ ಕೈ ಚಾಚುವರು, ಮತ್ತೆ ನನ್ನನ್ನು ಎಳೆಯುವರು. ನೀರಿಗೆ ಹೆದರಿದ್ದಾರೆ ಎಂದುಕೊಂಡೆ. ಇನ್ನು ಭಯವಿಲ್ಲ ಎಂದು ಹೇಳಿದೆ, ಕುಡಿಯಲು ನೀರು ಕೊಟ್ಟೆ. ಅವರು ಲೋಟವನ್ನು ತಳ್ಳಿಬಿಟ್ಟರು. ಅವರ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಬಿಡಿಸಿ ನಾನು ಮುಂದಿನ ಮನೆಯವರ ಲೆಕ್ಕಕ್ಕೆ ಹೋದೆ.

ಬಾಣಂತಿಯ ಕೋಣೆ ಹೇಗಿರುತ್ತದೆಂದು ನನಗೆ ಗೊತ್ತಿಲ್ಲದೇ ಇರಲಿಲ್ಲ. ಗಾಳಿ ಹೊಗದಂತೆ ಬಾಗಿಲು ಹಾಕಿರುತ್ತಾರೆ, ಮಂಚದ ಕೆಳಗೆ ಕೆಂಡ ಇಟ್ಟಿರುತ್ತಾರೆ. ಕಿವಿಗೆ ಹತ್ತಿ ತುರುಕಿ, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿರುತ್ತಾರೆ. ಹತ್ತಿಯವರ ಮನೆ, ಹತ್ತಿಗೆ ಕೊರತೆಯಿಲ್ಲ. ಎರೆದುಕೊಂಡು, ಖಾರ ತಿಂದು, ಅವಳು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದಳು. ಎಲ್ಲ ಮನೆಯ ಬಾಣಂತಿಯರೂ ಆ ಹೊತ್ತಿನಲ್ಲಿ ಮಲಗಿರುತ್ತಾರೆ.

ತಾಯಿ ಮೆಣಸು, ಓಮ, ಬೆಲ್ಲ ತರಲು ಮೇಲಿನ ಪೇಟೆಗೆ ಹೋಗಿದ್ದರು. ತಮಟೆ ಕೇಳಿ ಮನೆಯ ಕಡೆ ಓಡಿ ಬಂದರಂತೆ. ಓಣಿಯ ಬಾಯಿಯಲ್ಲಿ ಸಮಿತಿಯವರು ತಡೆದು, ಓಣಿ ಖಾಲಿಯಾಗಿದೆ, ನಿಮ್ಮ ಅತ್ತೆಯನ್ನೂ ಒಯ್ದಾಯಿತು, ಎಲ್ಲರೂ ಶಾಲೆಯಲ್ಲಿದ್ದಾರೆ ಎಂದರಂತೆ. ಅವರು ನಂಬಿದರು. ದಿಬ್ಬ ಹತ್ತಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ನಾನು ಐದನೆಯ ಗುರುತು ಹಾಕಿದೆ.

“ನಿಮ್ಮ ಮನೆಯವರೆಲ್ಲ ಬಂದಾಯಿತು” ಎಂದೆ.

ಅವರು ಅಂಗಳವನ್ನೆಲ್ಲ ಒಂದು ಸಲ ನೋಡಿದರು. “ಮಗಳು ಎಲ್ಲಿ ಅದಾಳ್ರಿ?”

“ಅಲ್ಲಿ, ಅಜ್ಜಿಯ ಹತ್ತಿರ.”

“ಸಣ್ಣಾಕಿ ಅಲ್ಲ ಅಕ್ಕೋರೆ. ದೊಡ್ಡಾಕಿ. ಬಾಣಂತಿ.”

ನಾನು ನೋಟ್‌ಬುಕ್ಕಿನ ಕಡೆ ನೋಡಿದೆ. ಅವರ ಮುಖ ನೋಡುವ ಬದಲು ಆ ಹಾಳೆಯನ್ನು ನೋಡಿದೆ. ಅವರು ಕೈಯಲ್ಲಿದ್ದ ಚೀಲ ಬಿಟ್ಟು ಇಳಿಜಾರಿನಲ್ಲಿ ಓಡಿದರು. ಓಮ, ಮೆಣಸು ಮೆಟ್ಟಿಲ ಮೇಲೆಲ್ಲ ಚೆಲ್ಲಿದವು. ಹೊತ್ತು ತಂದಿದ್ದ ಇಬ್ಬರೂ ಅವರ ಹಿಂದೆ ಓಡಿದರು. ಕಿರಿಯವಳು ನನ್ನ ಹತ್ತಿರ ಬಂದು, “ಅಕ್ಕ ಅಮ್ಮನ ಜತಿಗೆ ಬರ್ತಾಳೆ ಅಂದ್ಕಂಡಿದ್ದೆ ಟೀಚರ್” ಎಂದಳು.

ಓಣಿಯ ಬಾಯಿಗೆ ಹೋಗುವಷ್ಟರಲ್ಲಿ ಎದೆಮಟ್ಟ ನೀರು. ಹರಿಗೋಲು ತರಿಸಿದರು. ಅದು ಸೆಳವಿನಲ್ಲಿ ಎರಡು ಸಲ ತಿರುಗಿ ವಾಪಸ್ಸು ಬಂತು. ಮೂರನೆಯ ಸಲ ಮನೆ ಮುಟ್ಟುವ ಮೊದಲು ಹೊಳೆಯ ಕಡೆಯ ಮಣ್ಣಿನ ಗೋಡೆ ಕುಸಿಯಿತು. ನಾನು ದಿಬ್ಬದ ಮೇಲೆ ನಿಂತಿದ್ದೆ. ಅಲ್ಲಿಗೆ ಸದ್ದು ಕೇಳಿಸಲಿಲ್ಲ. ಸೂರು ಕೆಳಗೆ ಕೂತದ್ದಷ್ಟೇ ಕಂಡಿತು. ಬಹಳ ನಿಧಾನವಾಗಿ ಕೂತಿತು.

ಮರುದಿನ ನೀರು ಇಳಿದ ಮೇಲೆ ಇಬ್ಬರೂ ಸಿಕ್ಕರು. ಅವಳು ಬಾಗಿಲ ಬಳಿ ಇದ್ದಳಂತೆ, ಕೂಸನ್ನು ಎದೆಗೆ ಕಟ್ಟಿಕೊಂಡಿದ್ದಳಂತೆ. ನಾನು ಹೋಗಲಿಲ್ಲ. ಹೋಗಬೇಕಿತ್ತು.

ಯಾರೂ ನನ್ನನ್ನು ಬೈಯಲಿಲ್ಲ. ಗಾದಿಯವರು ಒಂದು ದಿನ ಚಿಕ್ಕಮ್ಮನ ಮನೆಯ ಜಗಲಿಗೆ ಬಂದು ಕೂತು, “ಐದು ಅಂದಾವ ನಾನು. ನೀವು ಐದು ಅಂತ ಬರಕಂಡ್ರಿ. ನಿಮ್ದೇನ್ ತಪ್ಪೈತ್ರಿ?” ಎಂದರು. ಚಿಕ್ಕಮ್ಮ ಒಳಗಿನಿಂದ, “ಕೇಳಿದ್ಯೇನೆ, ಅವರೇ ಅಂತಾರೆ” ಎಂದು ನನಗೆ ಸಮಾಧಾನ ಹೇಳಿದಳು. ಅವರು ಹೇಳಿದ್ದು ಐದು ಎಂದು ಮಾತ್ರವಲ್ಲ. ಹೆರಿಗೆಗೆ ಬಂದಿದ್ದಾಳೆ ಎಂದೂ ಹೇಳಿದ್ದರು. ಅವಳ ಕೈಯ ನೀರು ಕುಡಿದಿದ್ದೆ. ಸಕ್ಕರೆ ತಿಂದಿದ್ದೆ. ನನ್ನ ಕಲಮಿನಲ್ಲಿ ಅವಳಿಗೆ ಜಾಗವಿರಲಿಲ್ಲ, ಅಷ್ಟೇ. ಇದನ್ನು ಅವರಿಗೆ ಹೇಳುವ ಬದಲು ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟೆ.

ಆ ವರ್ಷವೇ ಕೆಲಸ ಬಿಡುವುದೆಂದು ನಿಶ್ಚಯಿಸಿ, ಮೇಜು ಖಾಲಿ ಮಾಡುತ್ತಿದ್ದಾಗ ಅವಳ ಗಂಡ ಶಾಲೆಗೆ ಬಂದ. ನಾನು ಅವನನ್ನು ಹಿಂದೆ ನೋಡಿರಲಿಲ್ಲ. ಮಿಲ್ಲಿನಿಂದ ನೇರವಾಗಿ ಬಂದಿದ್ದ, ಕೂದಲಲ್ಲಿ ನೂಲಿನ ಎಳೆಗಳಿದ್ದವು. ಹೆರಿಗೆಯಾಗಿ ನಲವತ್ತು ದಿನ ಕಳೆದ ಮೇಲೆ ಬಂದು ಕೂಸನ್ನು ನೋಡುವುದೆಂದು ಮಾತಾಗಿತ್ತಂತೆ. ಅವನು ಕೂಸನ್ನು ನೋಡಿದ್ದು ಮಣ್ಣು ಕೊಡುವಾಗ.

“ನೀವು ಬರಕಣಾಕೆ ಹೋದಾಗ ಅಕಿನ್ನ ನೋಡಿದ್ರಂತೆ,” ಎಂದ.

“ನೋಡಿದ್ದೆ. ನೀರು ಕೊಟ್ಟರು.”

“ಏನಾದ್ರೂ ಅಂದ್ಲೇನ್ರಿ?”

“ಅಕ್ಷರ ಚೆಂದ ಇದೆ ಎಂದರು.”

ಅವನು ತಲೆಯಾಡಿಸಿದ. “ಅಕಿಗೂ ಓದಾಕೆ ಬರ್ತಿತ್ತು. ಆ ಪಟ್ಟಿ ಐತೇನ್ರಿ? ಒಂದ್ಸಲ ನೋಡ್ತೀನಿ.”

ಕೊಡದಿರಲು ಕಾರಣ ಹುಡುಕಿದೆ, ಸಿಗಲಿಲ್ಲ. ಖಾನೆಯಿಂದ ನೋಟ್‌ಬುಕ್ಕು ತೆಗೆದು ಆ ಹಾಳೆಯನ್ನು ಬಿಡಿಸಿ ಮುಂದಿಟ್ಟೆ. ಅವನು ನಿಂತುಕೊಂಡೇ ಓದಿದ. ಮಾವನ ಹೆಸರಿನಿಂದ ಹಿಡಿದು ಒಂದೊಂದು ಹೆಸರಿನ ಕೆಳಗೂ ಬೆರಳು ಸರಿಸಿದ. ಐದು ಹೆಸರಿನ ಮುಂದೆಯೂ ನನ್ನ ಗುರುತುಗಳಿದ್ದವು. ಕೊನೆಯ ಹೆಸರನ್ನೂ ಓದಿದ. ಆಮೇಲೆ ಹೆಸರುಗಳು ಹಾಳೆಯ ಹಿಂಬದಿಯಲ್ಲೂ ಮುಂದುವರಿದಿರಬಹುದು ಎನ್ನುವಂತೆ ಅದನ್ನು ತಿರುವಿ ನೋಡಿದ.