ಇಲ್ಲೇ ಮತ್ತು ಇಲ್ಲೆ

ಒಂದು ದೀರ್ಘಾಕ್ಷರಕ್ಕೆ ಎಷ್ಟು ತೂಕವಿರಬಹುದೆಂದು ನೀವು ಎಂದಾದರೂ ಯೋಚಿಸಿದ್ದೀರಾ? ತಮಿಳು ಸೀಮೆಯ ನಮ್ಮ ತೇನಿಯ ಪೇಟೆಯಲ್ಲಿ ಅಂಗಡಿಯವನು ‘ಇಲ್ಲೆ’ ಎಂದರೆ ಸರಕು ಇಲ್ಲವೆಂದರ್ಥ, ಮುಂದಿನ ಅಂಗಡಿ ನೋಡಿಕೊಳ್ಳಬೇಕು. ಮನೆಗೆ ಬಂದು ನಶ್ಯದ ಡಬ್ಬಿ ಎಲ್ಲಿ ಎಂದು ಕೇಳಿದರೆ ಹೆಂಡತಿಯೂ ಸುಮಾರಾಗಿ ಅದೇ ಸದ್ದು ಹೊರಡಿಸುತ್ತಾಳೆ. ಅವಳ ‘ಇಲ್ಲೇ’ ಎಂಬುದಕ್ಕೆ ಡಬ್ಬಿ ನಿಮ್ಮ ಮೂಗಿನ ಕೆಳಗೇ ಇದೆ, ಇಲ್ಲದಿರುವುದು ಕಣ್ಣು ಮಾತ್ರ ಎಂದರ್ಥ. ಶತಮಾನಗಳ ಹಿಂದೆ ಕನ್ನಡವನ್ನು ಹೊತ್ತುಕೊಂಡು ಬಂದು ಕಂಬಂ ಕಣಿವೆಯಲ್ಲಿ ಉತ್ತು ಬಿತ್ತಿ ನೆಲೆಸಿದ ನಮ್ಮಂಥವರಿಗೆ ಸಂತೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಎರಡರ ನಡುವಿನ ಹೊಸ್ತಿಲಲ್ಲಿ ಇಂಥ ಪದಗಳು ಎಡವುತ್ತಿರುತ್ತವೆ, ನಾವು ನಗುತ್ತಿರುತ್ತೇವೆ. ಒಂದು ಸಲ ಮಾತ್ರ ನಗುವಂತಾಗಲಿಲ್ಲ. ಅದನ್ನು ಹೇಳಿಬಿಡಬೇಕೆಂದೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದೇನೆ.

ಅರವತ್ತರ ದಶಕದ ಮಾತು. ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನನಗೆ ನೆಲದ ಮೇಲೆ ಕಾಲೂರುವುದೇ ಕಷ್ಟವಾಗಿತ್ತು. ಕಾಡಿನ ಸಮೀಕ್ಷೆಗೆಂದು ಮದ್ರಾಸಿನಿಂದ ಬಂದ ಒಬ್ಬ ಅಧಿಕಾರಿ ಬೆಟ್ಟದಡಿಯ ಬೋಡಿ ಊರಿನಲ್ಲಿ ಬಿಡಾರ ಹೂಡಿ, ದಾರಿ ತೋರಿಸಲು ಮತ್ತು ಚೀಟಿ ಬರೆಯಲು ಓದುಬರಹ ಬಲ್ಲವನೊಬ್ಬ ಬೇಕೆಂದಾಗ, ನನ್ನ ಮುದ್ದಾದ ಅಕ್ಷರಕ್ಕೆ ಆ ಕೆಲಸ ಸಿಕ್ಕಿತು. ಮೊದಲ ದಿನವೇ ಆತ ಮನೆಯಲ್ಲಿ ಯಾವ ಭಾಷೆ ಎಂದು ವಿಚಾರಿಸಿದ. “ತಮಿಳ್ದಾನ್ ಸಾರ್” ಎಂದೆ, ತಮಿಳೇ ಎಂದು. ನಮ್ಮ ಮಾತನ್ನು ಕಾಡುಮಾತೆಂದು ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದರು. ಕಾಡನ್ನೇ ಓದಲು ಬಂದವನ ಮುಂದೆ ಕಾಡುಮಾತಿಗೆ ನಾಚಿಕೊಂಡ ನನ್ನ ಜಾಣತನ ನೋಡಿ!

ಆತನ ಕೆಲಸದ ರೀತಿ ಸೊಗಸಾಗಿತ್ತು, ಅದನ್ನು ಒಪ್ಪಲೇಬೇಕು. ಬೆಟ್ಟಸಾಲಿನ ನಕ್ಷೆಯ ಮೇಲೆ ಚೌಕಗಳನ್ನು ಎಳೆದಿದ್ದ. ಜಗತ್ತಿನಲ್ಲಿ ಬೇರೆಲ್ಲೂ ಕಾಣದ ಗಿಡಗಳಿಗೊಂದು, ಅಂಥವೇ ಕಪ್ಪೆಗಳಿಗೊಂದು, ಹಕ್ಕಿಗಳಿಗೊಂದು ಎಂದು ಮೂರು ತೆಳುಹಾಳೆಗಳಲ್ಲಿ ಚುಕ್ಕಿ ಇಡುತ್ತಿದ್ದ. ಆಮೇಲೆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಚುಕ್ಕಿಗಳು ಒಂದೇ ಚೌಕದಲ್ಲಿ ಕೂಡಿದರೆ ಅದಕ್ಕೆ ಕೆಂಪು ಪೆನ್ಸಿಲಿನಿಂದ ಬಣ್ಣ. ಒಂದು ಜೀವ ಒಂಟಿಯಾಗಿ ಸಿಕ್ಕಿದರೆ ಆಕಸ್ಮಿಕವೆನ್ನಬಹುದು, ಮೂರು ನಾಲ್ಕು ಒಟ್ಟಿಗೆ ಸಿಕ್ಕಿದರೆ ಅದು ಸಂಸಾರ. ಅಂಥ ಮನೆಯನ್ನು ಕೆಡವಬಾರದೆಂದು ಸರ್ಕಾರಕ್ಕೆ ತಿಳಿಸುವುದೇ ಆ ಕೆಂಪು ಬಣ್ಣದ ಉದ್ದೇಶ.

ಬೋಡಿಮೆಟ್ಟು ಎಂಬ ಘಾಟಿಯ ಪಕ್ಕದ ಒಂದು ಇಳಿಜಾರಿನಲ್ಲಿ, ಮಲೆಗೆ ದನ ಹೊಡೆದುಕೊಂಡು ಬಂದಿದ್ದ ಮುದುಕರೊಬ್ಬರು ಎದುರಾದರು. ನಮ್ಮಪ್ಪನ ಅಣ್ಣ ಕರಿಯಪ್ಪ, ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ದೊಡ್ಡಪ್ಪ. ನಾನು ಕೈ ಮುಗಿದು “ಪೆರಿಯವರೇ” ಎಂದೆ, ದಾರಿಯಲ್ಲಿ ಸಿಕ್ಕಿದ ಯಾವುದೋ ಹಿರಿಯರನ್ನು ತಮಿಳರು ಮಾತಾಡಿಸುವಂತೆ.

ದೊಡ್ಡಪ್ಪ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. “ಏನ್ಲಾ, ದೊಡ್ಡಪ್ಪಾ ಅನ್ನಾಕೆ ಬಾಯಿ ನೋಯ್ತದಾ? ಚಡ್ಡಿ ಹೋಗಿ ಪ್ಯಾಂಟ್ ಬಂದೇಟ್ಗೆ ನೆಂಟಸ್ತನಾನೂ ಹೋಯ್ತಾ?”

ಏನಂತೆ ಎಂದು ಅಧಿಕಾರಿ ಕೇಳಿದ. ಹೊಗೆಸೊಪ್ಪು ಕೇಳುತ್ತಿದ್ದಾರೆ ಎಂದೆ. ಆತ ಉದಾರವಾಗಿ ಒಂದು ಸಿಗರೇಟು ಕೊಟ್ಟ. ದೊಡ್ಡಪ್ಪ ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ನನ್ನ ನಾಟಕಕ್ಕೆ ಸಿಕ್ಕಿದ ಬಹುಮಾನವೆಂಬಂತೆ ನನ್ನತ್ತ ಕಣ್ಣು ಮಿಟುಕಿಸಿದರು.

ಅಧಿಕಾರಿ ಒಂದು ಚಿತ್ರ ತೆಗೆದು ತೋರಿಸಿದ. ಒದ್ದೆ ಬಂಡೆಗೆ ಅಂಟಿಕೊಂಡು ಬೆಳೆಯುವ, ನಾಲ್ಕು ಬೆರಳೆತ್ತರದ, ತಿಳಿಗೆಂಪು ಹೂವಿನ ಗಿಡ. ದೊಡ್ಡಪ್ಪನ ಮುಖ ಅರಳಿತು. ಅವರಿಗೆ ತಮಿಳು ನನ್ನಷ್ಟೇ ಬರುತ್ತಿತ್ತು. ಆದರೆ ಖುಷಿಯಾದಾಗ ಮನುಷ್ಯನಿಗೆ ಮನೆಯ ಮಾತೇ ಬಾಯಿಗೆ ಬರುವುದು, ಹಳ್ಳವನ್ನು ಪಳ್ಳ, ಹೂವನ್ನು ಪೂ ಎನ್ನುವ ನಮ್ಮ ಕನ್ನಡ. ನನ್ನ ತೋಳು ಹಿಡಿದು ಅಲುಗಿಸುತ್ತಾ ಹೇಳಿದರು: “ಇಲ್ಲೇ ಕಣ್ಲಾ, ಇಲ್ಲೇ! ಕೆಳ್ಗಿನ ಗೆಜ್ಜೆಪಳ್ಳದಾಗೆ! ಬೇರೆ ಯಾವ ಮಲೆನಾಗೂ ಇಲ್ಲ. ಈ ಪೂ ಇರೋ ಕಡೆನೇ ಆ ಉಗುರಗಲದ ಕಪ್ಪೆ, ಗೆಜ್ಜೆ ಕಟ್ಟಿದಂಗೆ ಕೂಗ್ತದಲ್ಲಾ, ಅದೂವೆ!”

ಅಷ್ಟು ಹೇಳಿ, ಚದುರಿದ ದನಗಳನ್ನು ತಿರುಗಿಸಲು ಅತ್ತ ಹೋದರು. “ಇಲ್ಲೆಯಾ?” ಅಧಿಕಾರಿ ನನ್ನತ್ತ ತಿರುಗಿ ನಿಟ್ಟುಸಿರುಬಿಟ್ಟ. “ಮೂಣು ತಡವೆ ಇಲ್ಲೆನ್ನುಟ್ಟಾರು. ವಿಡಪ್ಪಾ.” ಮೂರು ಸಲ ಇಲ್ಲವೆಂದರಲ್ಲ, ಬಿಡು, ಎಂದು. ಆತನ ಮೊಣಕಾಲು ನೋಯುತ್ತಿತ್ತು, ಮೆಟ್ಟಿನಿಂದ ಇಳಿಯುವ ಬಸ್ಸಿಗೆ ಹೊತ್ತಾಗಿತ್ತು.

ಒಂದು ವಾಕ್ಯ ಸಾಕಿತ್ತು. ‘ಸಾರ್, ಅದು ಕನ್ನಡ, ಇವರು ನನ್ನ ದೊಡ್ಡಪ್ಪ.’ ಆದರೆ ಆ ಒಂದು ವಾಕ್ಯಕ್ಕೆ ನನ್ನ ಎರಡು ಸುಳ್ಳುಗಳನ್ನು ಬಲಿ ಕೊಡಬೇಕಿತ್ತು. ದೊಡ್ಡಪ್ಪ ದೂರದಿಂದ ನೋಡುತ್ತಿದ್ದಂತೆ ನಾನು ಚೀಟಿ ತೆಗೆದು, ಜಾಗದ ಗುರುತಿನ ಮುಂದೆ, ಶಾಲೆಯಲ್ಲಿ ಬಹುಮಾನ ಪಡೆದ ಅದೇ ಮುದ್ದಾದ ತಮಿಳು ಅಕ್ಷರದಲ್ಲಿ ‘ಇಲ್ಲೆ’ ಎಂದು ಬರೆದೆ. ಇದು ಕೇಳಿಸಿಕೊಂಡ ತಪ್ಪಲ್ಲ, ಓದುಗರೇ. ಬರೆದ ತಪ್ಪು.

ಎರಡು ವರ್ಷದೊಳಗೆ ಸರ್ಕಾರದವರು ಆ ಇಳಿಜಾರನ್ನು ಚಹಾ ತೋಟಕ್ಕೆಂದು ಕೊಟ್ಟರು. ನಕ್ಷೆಯಲ್ಲಿ ಆ ಚೌಕ ಬಿಳಿಯಾಗಿತ್ತು, ಆದ್ದರಿಂದ ‘ವಿಶೇಷವೇನೂ ಇಲ್ಲ’ ಎಂದಾಯಿತು. ನನ್ನ ರಕ್ತ ಇಂದಿಗೂ ಕುದಿಯುವುದು ಇಲ್ಲಿ. ಬರೆಯದಿರುವುದೆಲ್ಲ ಬರಿದು ಎಂದು ತೀರ್ಮಾನಿಸಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಕಾಲುನೋವಿಗೆ ಇಳಿಯದೆ ಬಿಟ್ಟ ಹಳ್ಳವೂ, ಇಳಿದು ಹುಡುಕಿ ಏನೂ ಕಾಣದ ಹಳ್ಳವೂ ಕಾಗದದ ಮೇಲೆ ಒಂದೇ ಬಿಳುಪಾಗಬಹುದೇ? ಲಕ್ಷಾಂತರ ವರ್ಷ ಕೂಡಿ ಬಾಳಿದ ಒಂದು ಹೂವು, ಒಂದು ಕಪ್ಪೆ, ಇನ್ನೂ ಹೆಸರೇ ಇಡದ ಎಷ್ಟೋ ಜೀವಗಳ ಸಂಸಾರವನ್ನು ಒಂದು ಖಾಲಿ ಚೌಕದ ಸಾಕ್ಷಿಯ ಮೇಲೆ ಒಕ್ಕಲೆಬ್ಬಿಸುವುದು ಯಾವ ನ್ಯಾಯ? ಹೀಗೆ ಏರುದನಿಯಲ್ಲಿ ಕೇಳುತ್ತಾ ಹೋದಾಗಲೆಲ್ಲ ನನ್ನ ಬೆರಳು ಬಾಗಿ ನನ್ನ ಕಡೆಗೇ ತಿರುಗುತ್ತದೆ. ಆ ಬಿಳುಪು ನನ್ನ ಕೈಬರಹ.

ಮರ ಕಡಿಯಲು ಬಂದಾಗ ದೊಡ್ಡಪ್ಪ ಹೋಗಿ ಅಡ್ಡ ನಿಂತರಂತೆ. ಈ ಜಾಗ ಸರ್ಕಾರದ ಕಾಗದದಲ್ಲಿದೆ, ನಾನೇ ಹೇಳಿ ಬರೆಸಿದ್ದೇನೆ ಎಂದರಂತೆ. ತೋಟದ ಮೇಸ್ತ್ರಿ ನಕ್ಕ. ಆಗ ನನಗೆ ಹೇಳಿಕಳುಹಿಸಿದರು. ಹೋದೆ. ಹತ್ತಿಪ್ಪತ್ತು ಜನ ಕೂಲಿಯವರು ಗರಗಸ ಹಿಡಿದು ಕುತೂಹಲದಿಂದ ಕಾಯುತ್ತಿದ್ದರು. ಕೆಳಗೆ ಕಪ್ಪೆಗಳು ಕೂಗುತ್ತಿದ್ದವು.

“ಬಂದ ನೋಡ್ರಲಾ ನನ್ನ ಮಗ, ಪಡಿಚ್ಚವನು!” ಓದಿದವನು ಬಂದನೆಂದು ದೊಡ್ಡಪ್ಪ ಎಲ್ಲರಿಗೂ ಸಾರಿದರು. “ಹೇಳ್ಲಾ, ಆವತ್ತು ಕಾಯಿದದಾಗೆ ಏನು ಬರ್ದೆ, ಇವ್ರಿಗೆ ಕೇಳಂಗೆ ಜೋರಾಗಿ ಹೇಳು.”

ಹೇಳಿದೆ. ಜೋರಾಗಿಯಲ್ಲ. ಆತ ತಮಿಳಿನ ‘ಇಲ್ಲೆ’ ಎಂದುಕೊಂಡನೆಂದೆ, ಬಸ್ಸಿಗೆ ಹೊತ್ತಾಗಿತ್ತೆಂದೆ, ಆತನೇ ಸಾಕು ಬಿಡು ಎಂದನೆಂದೆ. ದೊಡ್ಡಪ್ಪ ಕೊನೆಯವರೆಗೂ ಕೇಳಿಸಿಕೊಂಡರು. ತಲೆಯ ಟವೆಲ್ಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

“ಅವನ್ಗೆ ತಮಿಳಾಗೆ ಕೇಳ್ತು, ಸರಿ. ನಿನ್ಗೆ ಯಾವ ಮಾತಾಗೆ ಕೇಳ್ತಪ್ಪಾ?”

ಅಷ್ಟು ಕೇಳಿ ದನಗಳ ಹಿಂದೆ ಹೊರಟುಹೋದರು. ಮೇಸ್ತ್ರಿ ಕೈ ಬೀಸಿದ, ಗರಗಸ ಶುರುವಾಯಿತು. ಸ್ವಲ್ಪ ಹೊತ್ತು ಕಪ್ಪೆಗಳೂ ಕೂಗಿದವು, ಆಮೇಲೆ ಗರಗಸವೊಂದೇ.

ಮುಂದೆ ಏಲಕ್ಕಿ ವ್ಯಾಪಾರದ ಕೆಲಸಕ್ಕೆ ಸಕಲೇಶಪುರಕ್ಕೆ ಹೋಗಿ, ನಲವತ್ತು ದಾಟಿದ ಮೇಲೆ ಕನ್ನಡದ ಅಕ್ಷರ ಕಲಿತೆ. ದೊಡ್ಡಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರಿಗೆ ಓದಲೂ ಬರುತ್ತಿರಲಿಲ್ಲ. ಆದರೂ ಅಂದು ಬಾಯಿಂದ ಬಾರದ ಉತ್ತರವನ್ನು, ದೀರ್ಘ ತಪ್ಪದಂತೆ ಎರಡು ಸಲ ನೋಡಿಕೊಂಡು, ಬರೆಯುತ್ತಿದ್ದೇನೆ: ನಮ್ಮ ಮಾತಲ್ಲೇ ಕೇಳಿಸಿತ್ತು, ದೊಡ್ಡಪ್ಪಾ.